ದುಂಬಿಯ ಹೆಸರಿನ ಗೂಳಿ

ಜರ್ಮನಿಯ ಶ್ವಾಬಿಯಾ ಸೀಮೆಯ ನಮ್ಮ ಹಳ್ಳಿಯಲ್ಲಿ ಊರಗೂಳಿಯನ್ನು ನೋಡಿಕೊಳ್ಳುತ್ತಿದ್ದವಳು ವಾಲ್ಬುರ್ಗಾ. ಮೊದಲು ಆ ಕೆಲಸ ಅವಳ ಗಂಡ ಲೊರೆಂಟ್ಸನದು. ಹಿಂದಿನ ಗೂಳಿ ಅವನನ್ನು ಗೋಡೆಗೆ ಒತ್ತಿ ಕೊಂದ ಮೇಲೆ ಯಾವ ಗಂಡಸೂ ಹಗ್ಗ ಹಿಡಿಯಲು ಒಪ್ಪಲಿಲ್ಲ. ಅವಳು ಒಪ್ಪಿದಳು.

೧೯೩೧ರ ವಸಂತದಲ್ಲಿ ಶಾಲೆಗೆ ಐಬರ್ಲಿನ್ ಮೇಷ್ಟ್ರು ಬಂದರು. ಹಳ್ಳಿಯ ಮಾತುಗಳನ್ನು ಬರೆದಿಟ್ಟುಕೊಳ್ಳುವ ಹುಚ್ಚು ಅವರಿಗೆ. ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಕೊಟ್ಟಿಗೆಗೇ ಬಂದರು.

"ಈ ಗೂಳಿಗೆ ನೀವೇನಂತೀರಮ್ಮ?"

"ಪಂಚಾಯ್ತಿ ಕಾಗದದಲ್ಲಿ ಫಾರೆನ್, ಗೂಳಿ ಅಂತ್ಲೇ ಅರ್ಥ. ನಮ್ ಬಾಯಲ್ಲಿ ಹುಮ್ಮೆಲ್."

ಮೇಷ್ಟ್ರು ನಕ್ಕರು. "ಹುಮ್ಮೆಲ್ ಅಂದ್ರೆ ದುಂಬಿ ಅಲ್ವೇ? ಸಾವಿರ ಕಿಲೋ ದುಂಬಿ! ಬಡಗಣದೋರು ಬುಲ್ಲೆ ಅಂತಾರೆ, ಊದಿಕೊಂಡಿದ್ದು ಅಂತ ಅದರ ಮೂಲವಂತೆ. ನಿಮ್ಮ ಮಾತು ಎಲ್ಲಿಂದ ಬಂತು?"

"ಅದರ ಎದೆಯಿಂದ. ಅರಚಿದ್ರೆ ಭಯ ಇಲ್ಲ ಮೇಷ್ಟ್ರೇ. ಬಾಯ್ಮುಚ್ಕೊಂಡು ಒಳಗೇ ಗುಂಯ್ ಅಂದ್ರೆ, ಮನಸ್ಸು ಮಾಡಿದೆ ಅಂತ. ನಮ್ಮ ಯಜಮಾನ್ರು ಹೋದ ದಿನ 'ಕೇಳೇ, ಹಾಡ್ತಾ ಇದೆ' ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಮೇಷ್ಟ್ರ ನಗು ಇಂಗಿತು. ಆದರೆ ಆ ಸದ್ದನ್ನು ಅಕ್ಷರದಲ್ಲಿ ಹಿಡಿಯಬೇಕೆಂಬ ಆಸೆ ಹುಟ್ಟಿತು. ದಿನವೂ ಬಂದು ಬೆಂಚಿನ ಮೇಲೆ ಕೂರತೊಡಗಿದರು.

"ಕೇಳಿದ್ಮೇಲೆ ಬರಿಯಕ್ಕೆ ಕೈ ಉಳೀಬೇಕಲ್ಲ," ಎಂದು ಅವಳು ಹಂಗಿಸುತ್ತಿದ್ದಳು.

ಜೂನ್ ತಿಂಗಳಲ್ಲಿ ಗಾಳಿಯಾಡದ ಒಂದು ದಿನ ಗೂಳಿ ಹುಲ್ಲು ಮುಟ್ಟಲಿಲ್ಲ. ನೊಣ ಕೂತರೂ ಬಾಲ ಅಲ್ಲಾಡಿಸಲಿಲ್ಲ. ವಾಲ್ಬುರ್ಗಾಳ ಅಂಗಾಲಿಗೆ ನೆಲದ ಹಲಗೆ ಸಣ್ಣಗೆ ನಡುಗಿದಂತಾಯಿತು. ಆಮೇಲೆ ಸದ್ದು ಕೇಳಿಸಿತು.

"ಪುಸ್ತಕ ಬಿಡಿ. ಬೆನ್ನು ತೋರಿಸ್ದೆ ಹಿಂದಕ್ಕೆ ಬನ್ನಿ."

ಬಗ್ಗಿ ಬರೆಯುತ್ತಿದ್ದ ಮೇಷ್ಟ್ರು, ಒಂದು ನಿಮಿಷ ಎಂಬಂತೆ ಬೆರಳೆತ್ತಿದರು. ಅಷ್ಟರಲ್ಲಿ ಗೋಡೆಯಿಂದ ಸರಪಳಿ ಕಿತ್ತುಬಂತು. ಅವಳು ಅವರನ್ನು ಕಲ್ಲಿನ ಗೋದಲಿಯೊಳಗೆ ತಳ್ಳಿ, ಗೂಳಿಯ ಮೂಗಿನ ಬಳೆಗೆ ಜೋತುಬಿದ್ದಳು. ಕಿರುಚಾಟ ಕೇಳಿ ನಾವು ಕವೆಗೋಲು ಹಿಡಿದು ಓಡಿಹೋದಾಗಲೂ ಅವಳು ಬಳೆ ಬಿಟ್ಟಿರಲಿಲ್ಲ. ಅವಳ ಸೊಂಟದ ಮೂಳೆ ಮುರಿದಿತ್ತು.

ಗೂಳಿ ಕಟುಕನ ಪಾಲಾಯಿತು. ಮೇಷ್ಟ್ರು ಆಸ್ಪತ್ರೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಮಗುವಿನಂತೆ ಅತ್ತರು.

"ಬರೆದ್ರಾ?" ಎಂದಳು.

"ಇಲ್ಲಮ್ಮ. ಅಕ್ಷರಕ್ಕೆ ಸಿಗಲಿಲ್ಲ."

ಶರತ್ಕಾಲಕ್ಕೆ ಹೊಸ ಗೂಳಿ ಬಂತು, ಅದನ್ನು ನೋಡಿಕೊಳ್ಳಲು ಕ್ಸಾವರ್ ಬಂದ. ವಾಲ್ಬುರ್ಗಾ ಕೋಲೂರಿಕೊಂಡು ಹೋಗಿ ಅವನಿಗೆ ಆ ಸದ್ದಿನ ಬಗ್ಗೆ ಹೇಳಿದಳು.

"ಗಟ್ಟಿಯಾಗಿ ಹೇಳಕ್ಕಾ. ಯುದ್ಧದಲ್ಲಿ ಫಿರಂಗಿ ಪಕ್ಕ ನಿಂತೋನು ನಾನು, ಸಣ್ಣ ಸದ್ದು ಕೇಳ್ಸಲ್ಲ," ಎಂದು ಅವನು ನಕ್ಕ.

ಮರುದಿನದಿಂದ, ಅವನು ಕೊಟ್ಟಿಗೆಯಲ್ಲಿರುವಷ್ಟು ಹೊತ್ತೂ ಅವಳು ಬಾಗಿಲಲ್ಲಿ ಕುಳಿತಿರುತ್ತಿದ್ದಳು, ಚಪ್ಪಲಿ ಕಳಚಿ, ಬರಿಗಾಲನ್ನು ಹಲಗೆಗೆ ಒತ್ತಿಕೊಂಡು.