ಸಾಲಗುಂದದ ಸ್ಪೀಕರ್

ನಮ್ಮ ನೆರೆಮನೆಯ ಕಾಕಾ ಒಮ್ಮೆ ದಿಲ್ಲಿಗೆ ಹೋಗಿ, ಲೋಕಸಭೆಯ ಗ್ಯಾಲರಿಯಲ್ಲಿ ಅರ್ಧ ದಿನ ಕೂತು ಬಂದರು. ಅಷ್ಟೇ ಸಾಕಾಯಿತು. ಆಮೇಲೆ ಸಾಲಗುಂದದಲ್ಲಿ ಕಾಲುವೆ ನೀರಿನ ಪಾಳಿಗೆ ಜನ ಸೇರಿದಾಗಲೆಲ್ಲ ಅವರೇ ಸ್ಪೀಕರ್. ಯಾರೂ ಎದುರಾಳಿಯ ಮುಖ ನೋಡಿ ಬೈಯುವಂತಿರಲಿಲ್ಲ. ಕಾಕಾ ರುಮಾಲು ಸರಿಮಾಡಿಕೊಂಡು, "ನನ್ನ ಕಡೆ ನೋಡಿ ಮಾತಾಡ್ರಿ" ಎನ್ನುತ್ತಿದ್ದರು.

"ಸ್ಪೀಕರ್ ಸಾಹೇಬ್ರ, ಈ ಮಾನ್ಯ ಸದಸ್ಯರು ನನ್ನ ಹೊಲದ ಒಡ್ಡು ಒಡದಾರ್ರಿ!" ಎಂದು ಜಗಳಕ್ಕೆ ಬಂದವರು ಕಾಕಾನ ಮುಖಕ್ಕೆ ಕಿರುಚುವಷ್ಟರಲ್ಲಿ ಸಿಟ್ಟೆಲ್ಲ ನಗೆಯಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ನೀರು ಕಡಿಮೆ ಬಂತು. ಮೊದಲ ಪಾಳಿ ಮೇಲಿನ ಹೊಲಗಳಿಗೋ, ಕಾಲುವೆಯ ಕೊನೆಯ ಹೊಲಗಳಿಗೋ? ಕೈ ಎತ್ತಿಸಿದರೆ ಎರಡೂ ಕಡೆ ಸಮ. ಸಮವಾದಾಗ ಮಾತ್ರ ಸ್ಪೀಕರ್ ಮತ ಹಾಕಬೇಕು ಎಂದು ನಮಗೆ ಕಲಿಸಿದವರೇ ಕಾಕಾ. ಅವರ ಹೊಲ ಮೇಲಿನದು, ಭತ್ತ ಬಾಡತೊಡಗಿತ್ತು. ಅವರು ರುಮಾಲು ಸರಿಮಾಡಿಕೊಂಡರು.

"ಕೊನೀ ಹೊಲದವರಿಗೆ ಮೊದಲ."

ಸಂಜೆ ಅವರ ಹೆಂಡತಿ ಚಿಗವ್ವನ ದನಿ ನಮ್ಮ ಕಟ್ಟೆಯ ತನಕ ಕೇಳಿಸಿತು: "ಸ್ಪೀಕರ್ ಸಾಹೇಬ್ರ, ಈ ಮನಿ ಯಜಮಾನ್ರು ನಮ್ಮ ಭತ್ತ ಒಣಗಿಸಿ ಬಂದಾರ್ರಿ! ಅವರಿಗಿ ಇವತ್ತು ರೊಟ್ಟಿ ಹಾಕಬೇಕೋ, ಬ್ಯಾಡೋ?"

ಕಾಕಾ ಮೆಲ್ಲಗೆ, "ಕೈ ಎತ್ತಿಸೂಣ" ಎಂದರು. ಅಲ್ಲಿದ್ದವರು ಅವರಿಬ್ಬರೇ. ಮೊದಲು ನಕ್ಕವಳು ಚಿಗವ್ವ.