ವಸಂತಪುರದ ಹಳದಿ ನೀರು

ಅಂತರ್ಜಲದ ಮೇಲೆ ಸಂಶೋಧನೆ ಮಾಡುವ ನನಗೆ ನಗರದಂಚಿನ ವಸಂತಪುರದಲ್ಲಿ ಒಂದು ತೆರೆದ ಬಾವಿ ಸಿಕ್ಕಿದ್ದೇ ಅದೃಷ್ಟ. ಸುತ್ತಲಿನ ಬಾವಿಗಳೆಲ್ಲ ಮುಚ್ಚಿ, ಮೇಲೆ ಮನೆಗಳೆದ್ದಿದ್ದವು. ಈ ಬಾವಿಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಬಾವಿಯನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಬೀದಿಯ ಬೋರ್‌ವೆಲ್‌ಗಳು ಬತ್ತಿದಾಗ ಅವರ ಗೇಟಿನ ಮುಂದೆ ಬಿಂದಿಗೆಗಳ ಸಾಲು. ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ.

ತಿಂಗಳಿಗೊಮ್ಮೆ ಹೋಗಿ, ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆಯುತ್ತಿದ್ದೆ. ಕಾಫಿ ಕುಡಿಯದೆ ಹೊರಡುವಂತಿರಲಿಲ್ಲ.

ಒಂದು ಬೆಳಗ್ಗೆ ಅವರೇ ಹೇಳಿದರು. "ನೀರು ಯಾಕೋ ಬಣ್ಣ ತಿರುಗ್ದಂಗಿದೆ ಕಣಮ್ಮ. ಬಿಳೀ ಬಕೆಟ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತೆ, ನೋಡು."

ತೆಳು ಹಳದಿ. ವಾಸನೆಯಿಲ್ಲ, ಕದಡಿಲ್ಲ, ಬಕೆಟ್ಟಿನ ತಳ ನಿಚ್ಚಳವಾಗಿ ಕಾಣುತ್ತಿತ್ತು. ಕೆಸರಿನ ಬಣ್ಣವಾಗಿದ್ದರೆ ನೆಮ್ಮದಿಯಾಗುತ್ತಿತ್ತು. ಅಷ್ಟು ತಿಳಿಯಾದ ಹಳದಿ ಎಂದರೆ ನೀರಿನಲ್ಲಿ ಏನೋ ರಾಸಾಯನಿಕ ಕರಗಿದೆ ಎಂದೇ ಅರ್ಥ. ಕೈಯಲ್ಲಿದ್ದ ಕಾಫಿಯನ್ನು ಆಗಲೇ ಅರ್ಧ ಕುಡಿದಿದ್ದೆ.

"ಅಮ್ಮ, ಪರೀಕ್ಷೆ ಆಗೋವರ್ಗೂ ಇದನ್ನ ಕುಡೀಬೇಡಿ. ಯಾರ್ಗೂ ಕೊಡ್ಲೂ ಬೇಡಿ."

"ಕಾಯ್ಸಿ ಕುಡಿದ್ರೆ?"

"ಕಾಯ್ಸಿದ್ರೂ ಹೋಗೋ ಥರ ಕಾಣಲ್ಲ."

ಅವರು ನಕ್ಕರು. "ನಮ್ಮತ್ತೆ ಕಾಲದ ಬಾವಿ ಕಣಮ್ಮ ಇದು."

ಪ್ರಯೋಗಾಲಯದಲ್ಲಿ ಕ್ರೋಮಿಯಂ ಸಿಕ್ಕಿತು, ಅದೂ ಕ್ಯಾನ್ಸರ್ ತರಬಲ್ಲ ಬಗೆಯದು. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಡೆ ಬಳಸುವಂಥದ್ದು. ಹತ್ತಿರದಲ್ಲಿ ಅಂಥ ಕೆಲಸ ಯಾರಾದರೂ ಮಾಡುತ್ತಾರೆಯೇ ಎಂದು ಬಾವಿಯ ಒಡತಿಯನ್ನು ಕೇಳಿದೆ. ಅವರು ಹಿತ್ತಲಿನ ಗೋಡೆಯತ್ತ ಕೈ ತೋರಿಸಿದರು. ಆಚೆಗಿದ್ದ ಶೆಡ್ ಅವರದೇ. ಬಾಡಿಗೆಗೆ ಕೊಟ್ಟಿದ್ದರು.

"ನಲ್ಲಿಗೆ ಪಾಲಿಶ್ ಹಾಕ್ತೀವಿ ಅಂದ್ರು. ಸದ್ದಿಲ್ಲ, ಗಲಾಟೆ ಇಲ್ಲ. ಒಳ್ಳೆಯವ್ರು ಅನ್ಕೊಂಡೆ."

ನಾನು ನೀರು ಒಯ್ದ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ನಾವು ಹೋಗಿ ನೋಡುವಷ್ಟರಲ್ಲಿ ಶೆಡ್ ಖಾಲಿ. ಮೂಲೆಯಲ್ಲಿ ಬತ್ತಿದ ಹಳೆಯ ಬೋರ್‌ವೆಲ್ ಬಾಯಿ ತೆರೆದುಕೊಂಡಿತ್ತು. ಸುತ್ತ ಒಣಗಿದ ಹಳದಿ ಕಲೆ. ಕೊಳಕು ನೀರನ್ನೆಲ್ಲ ಅದರೊಳಗೇ ಸುರಿದಿದ್ದರು.

ಅವರು ಬೋರ್‌ವೆಲ್‌ನ ಬಾಯಿಗೆ ಬಗ್ಗಿ ನೋಡಿದರು. "ಎದುರು ಮನೆ ಬಸುರಿಗೂ ನನ್ ಕೈಯಾರೆ ಕೊಟ್ನಲ್ಲಮ್ಮ."

ಅಂದು ಸಂಜೆ ಮನೆಮನೆಗೂ ಹೋಗಿ ವಿಷಯ ತಿಳಿಸಿದರು. ಕೆಲವರು ನಂಬಿದರು. ನೀರು ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾರೆಂದು ಕೆಲವರು ಮುಖ ತಿರುಗಿಸಿದರು. ಅಧಿಕಾರಿಗಳು ಬಂದು ಬಾವಿಗೆ ತಗಡು ಮುಚ್ಚಿ ಸರಪಳಿ ಬಿಗಿದರು. ಶೆಡ್ಡಿನವರು ಈಗ ಯಾವ ಬಡಾವಣೆಯಲ್ಲಿದ್ದಾರೋ ಗೊತ್ತಿಲ್ಲ.

ನೆಲದಡಿಯ ಬಂಡೆಯ ಬಿರುಕುಗಳಲ್ಲಿ ನೀರು ಯಾವ ದಾರಿ ಹಿಡಿಯುತ್ತದೆಂದು ಮೇಲೆ ನಿಂತು ಹೇಳಲಾಗದು. ಇಳಿಜಾರಿನ ಬೋರ್‌ವೆಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದೆ. ಮೊದಲನೆಯದು ಶುದ್ಧವಾಗಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಹಳದಿಯಾಯಿತು. ಅದರ ಕೆಳಗಿನದೂ ಅಷ್ಟೇ. ಕೊನೆಯದು, ಟ್ಯಾಂಕರ್ ತುಂಬಿಸುವ ಬೋರ್‌ವೆಲ್.

"ನಮ್ದು ಸಖತ್ ಕ್ಲೀನ್ ನೀರು ಮೇಡಂ," ಎಂದ ಡ್ರೈವರ್. "ಬಿಟಿಎಂ ಲೇಔಟ್ ಪಿಜಿ ಹಾಸ್ಟೆಲ್‌ಗಳಿಗೆಲ್ಲ ನಾವೇ ಹಾಕೋದು."

ಆಗ ಅವನು ಹೇಳಿದ್ದು ನಿಜವೇ ಆಗಿತ್ತು. ಹೋದ ವಾರ ತಂದ ನೀರಿನಲ್ಲಿ ಕ್ರೋಮಿಯಂ ಕಾಣಿಸಿಕೊಂಡಿದೆ. ಕಣ್ಣಿಗೆ ಬಣ್ಣ ಇನ್ನೂ ತಿಳಿಯುವುದಿಲ್ಲ. ಅಧಿಕಾರಿಗಳಿಗೆ ವರದಿ ಕಳಿಸಿ, ಬೋರ್‌ವೆಲ್ ಮಾಲೀಕರಿಗೂ ಹೇಳಿ ಬಂದೆ. ಇವತ್ತು ಬೆಳಗ್ಗೆ ಆ ದಾರಿಯಲ್ಲಿ ಹೋದಾಗ ಟ್ಯಾಂಕರ್‌ಗಳು ಸಾಲಾಗಿ ನಿಂತು ನೀರು ತುಂಬಿಸಿಕೊಳ್ಳುತ್ತಿದ್ದವು.