ಲೀಡ್ಸಿನ ಲೈಬ್ರರಿಯಲ್ಲಿ ಬಿಟ್ಟುಬಂದ ಹಾಳೆ

ನಮ್ಮ ಮನೆಯ ಯಾವ ಪುಸ್ತಕವನ್ನು ಬೇಕಾದರೂ ಬೆನ್ನು ಹಿಡಿದು ಕೊಡವಿ ನೋಡಿ, ಅದರೊಳಗಿಂದ ಒಂದು ಸಂಸಾರವೇ ಉದುರುತ್ತದೆ: ಮಗಳು ಇಂಚರಳ ಒಂದನೇ ಕ್ಲಾಸಿನ ಫೋಟೋ, ಹಲ್ಲಿನ ಡಾಕ್ಟರ ಚೀಟಿ, ಯಾರೋ ಕೊಟ್ಟ ಅರಿಶಿನ ಕುಂಕುಮದ ಕರೆಯೋಲೆ, ಕಾರಿನ ಇನ್ಶೂರೆನ್ಸ್ ಕಾರ್ಡು. ಇದು ನಾನು ಗದಗಿನಿಂದ ಅಮೆರಿಕದ ಎಡಿಸನ್ನಿನವರೆಗೂ ಹೊತ್ತು ತಂದ ಚಾಳಿ. ನಮ್ಮಪ್ಪ ಮಾಸ್ತರರು, ಮನೆಯ ಉತಾರದಿಂದ ಹಿಡಿದು ನನ್ನ ಜನ್ಮಪತ್ರಿಕೆಯವರೆಗೆ ಎಲ್ಲವೂ ಅವರ ದಪ್ಪ ನಿಘಂಟಿನೊಳಗೇ ಇರುತ್ತಿದ್ದವು. "ಟ್ರಂಕಿನಾಗ ಇಟ್ಟದ್ದು ಕಳ್ಳರ ಕೈಗೆ ಸಿಗತದ, ಪುಸ್ತಕದಾಗ ಇಟ್ಟದ್ದು ಎಲ್ಲಿಗೂ ಹೋಗೂದಿಲ್ಲವ್ವಾ, ಸರಸ್ವತಿ ಕಾಯ್ತಾಳ" ಎನ್ನುತ್ತಿದ್ದರು. ಪುಸ್ತಕ ನಮ್ಮದೇ ಆಗಿರಬೇಕು ಎನ್ನುವುದನ್ನು ಮಾತ್ರ ಅವರು ಹೇಳಿರಲಿಲ್ಲ, ಪಾಪ, ಹೇಳಬೇಕಾಗುತ್ತದೆಂದು ಅವರಿಗೆ ಹೊಳೆದಿರಲಿಕ್ಕೂ ಇಲ್ಲ.

ಕಳೆದ ತಿಂಗಳು ನಮ್ಮ ಕನ್ನಡದ ಗೆಳೆಯರೆಲ್ಲ ಒಂದೊಂದು ಅಡುಗೆ ಮಾಡಿಕೊಂಡು ಒಂದು ಮನೆಯಲ್ಲಿ ಸೇರಿದ್ದೆವು. ಹತ್ತಿರದ ಓಲ್ಡ್ ಬ್ರಿಡ್ಜ್ ಊರಿನ ಅಂಕಲ್ ಒಬ್ಬರು ಆಗಷ್ಟೇ ಇಂಗ್ಲೆಂಡಿನ ಉತ್ತರದ ಊರುಗಳನ್ನು ಸುತ್ತಿ ಬಂದಿದ್ದರು. ಕೋಟೆ ಕೊತ್ತಲ ಬಿಟ್ಟು ಲೈಬ್ರರಿಗಳನ್ನೇ ನೋಡಿಕೊಂಡು ಬಂದ ಪುಣ್ಯಾತ್ಮರು ಅವರು. ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡೇ, "ಮ್ಯಾಂಚೆಸ್ಟರಲ್ಲಿ ಏನ್ ರೀಡಿಂಗ್ ರೂಮ್ ರೀ ಅದು! ದುಂಡಗಿದೆ. ಒಂದು ಪೆನ್ನು ಬಿದ್ರೆ ಹತ್ತು ಸಲ ಕೇಳ್ಸತ್ತೆ" ಎಂದರು. ಇನ್ನೊಬ್ಬ ಆಂಟಿ, ಲಿವರ್‌ಪೂಲಿನಲ್ಲಿ ತಲೆಯೆತ್ತಿ ಗಾಜಿನ ಗುಮ್ಮಟ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡ ಕಥೆ ಹೇಳಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ನೀವು ಲೀಡ್ಸಿಗೆ ಹೋಗಿದ್ರಲ್ವಾ, ಹೇಗಿತ್ತು ಅಲ್ಲಿನ ಲೈಬ್ರರಿ?"

"ಚೆನ್ನಾಗಿತ್ತು" ಎಂದೆ. ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿ, ಮೊಸರು ಬಜ್ಜಿ ಬಡಿಸಿಕೊಳ್ಳುವ ನೆಪದಲ್ಲಿ ಎದ್ದುಹೋದೆ. ಅಲ್ಲಿ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ.

ಹಿಂದಿನ ಬೇಸಿಗೆಯಲ್ಲಿ ಲೀಡ್ಸಿನಲ್ಲಿರುವ ನನ್ನ ತಂಗಿ ವಿಜಿಗೆ ಹೊಟ್ಟೆಯ ಆಪರೇಷನ್ ಆಯಿತು. ಬೇಯಿಸಿ ಹಾಕಲು ಒಂದು ಜೀವ ಬೇಕಿತ್ತು, ನಾನು ಹೊರಟೆ. ಹೊರಡುವುದೇನು ಸುಲಭವಾಗಿರಲಿಲ್ಲ. ನಾನೂ ನನ್ನ ಗಂಡನೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಕಾಲು ಸೋತವರು. ಹಾಗೆ ನಿಂತವರು ಅಮೆರಿಕದ ಹೊಸ್ತಿಲು ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕಾದರೆ ಒಂದು ಅನುಮತಿಯ ಹಾಳೆ ಬೇಕು. ಪುಸ್ತಕವಲ್ಲ, ಕಾರ್ಡಲ್ಲ, ಬರೀ ಒಂದು ಹಾಳೆ. ಅದರ ಮೇಲೆ, ನಗಬೇಡಿ ಎಂದು ಹೇಳಿ ತೆಗೆದ ನನ್ನದೊಂದು ಮೋರೆ. ಅದು ಕೈಯಲ್ಲಿದ್ದರೆ ನಾನು ಎಡಿಸನ್ನಿನ ಗೃಹಿಣಿ, ಹತ್ತು ವರ್ಷದ ಹುಡುಗಿಯ ತಾಯಿ. ಇಲ್ಲದಿದ್ದರೆ ವಿಮಾನ ಹತ್ತಲೂ ಬಿಡುವುದಿಲ್ಲ. ಇಂಚರ ಹುಟ್ಟಿದ್ದು ಇಲ್ಲೇ, ಆದ್ದರಿಂದ ಅವಳಿಗೆ ಈ ಯಾವ ಹಾಳೆಯೂ ಬೇಕಿಲ್ಲ. ನಮ್ಮ ಮೂವರಲ್ಲಿ ನಿಶ್ಚಿಂತೆಯಿಂದ ಮನೆಗೆ ಬರಬಲ್ಲವಳು ಅವಳೊಬ್ಬಳೇ.

ದಿನವೂ ಹನ್ನೊಂದು ಗಂಟೆಗೆ ಅನ್ನ ಸಾರು ಮುಚ್ಚಿಟ್ಟು, ವಿಜಿ ಮಲಗಿದ ಮೇಲೆ ನಾನು ಲೈಬ್ರರಿಗೆ ಹೋಗುತ್ತಿದ್ದೆ. ಹೊಗೆ ಕುಡಿದು ಕಪ್ಪಾದ ಕಲ್ಲಿನ ಕಟ್ಟಡ, ಒಳಗೆ ಹೋದರೆ ಬಣ್ಣದ ಹೆಂಚು ಮೆತ್ತಿದ ಗೋಡೆಗಳು, ಅಗಲವಾದ ಕಲ್ಲಿನ ಮೆಟ್ಟಿಲು, ಅದರ ಪಕ್ಕದ ಕಲ್ಲಿನ ಕಟಾಂಜನಕ್ಕೆ ಕೆತ್ತಿದ ಪ್ರಾಣಿಗಳು. ಆದರೆ ನನ್ನನ್ನು ಬೆರಗುಗೊಳಿಸಿದ್ದು ಇದಾವುದೂ ಅಲ್ಲ. ಬಾಗಿಲಲ್ಲಿ ಯಾರೂ ನನ್ನನ್ನು ಯಾರೆಂದು ಕೇಳಲಿಲ್ಲ ಎನ್ನುವುದು. ಹರಿದ ಕೋಟಿನ ಮುದುಕನೊಬ್ಬ ಪೇಪರು ಓದುತ್ತ ಬೆಚ್ಚಗಿದ್ದ. ನಾಲ್ಕು ಚೀಲಗಳನ್ನು ಸುತ್ತ ಇಟ್ಟುಕೊಂಡ ಹೆಂಗಸೊಬ್ಬಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಿ ಕಳಿಸುವವರಿಲ್ಲ. ನಾನೋ, ಎಲ್ಲಿ ಹೋದರೂ ಮೊದಲು ಕೌಂಟರು ಎಲ್ಲಿದೆ, ಯಾವ ಕಾಗದ ತೋರಿಸಬೇಕು ಎಂದು ಕಣ್ಣಲ್ಲೇ ಹುಡುಕುವವಳು. ಮೊದಲ ಮೂರು ದಿನ, ಈಗ ಕೇಳುತ್ತಾರೆ, ಇನ್ನೇನು ಕೇಳುತ್ತಾರೆ ಎಂದು ಕುರ್ಚಿಯ ತುದಿಯಲ್ಲೇ ಕೂತಿದ್ದೆ. ನಾಲ್ಕನೆಯ ದಿನ ಹಿಂದಕ್ಕೆ ಒರಗಿದೆ. ಒರಗಿದ್ದೇ ತಪ್ಪಾಯಿತು ನೋಡಿ.

ಲೀಡ್ಸಿನಲ್ಲಿ ಅದು ನನ್ನ ಕೊನೆಯ ದಿನ, ಮರುದಿನ ಬೆಳಿಗ್ಗೆ ನನ್ನ ವಿಮಾನ. ನನ್ನ ಗಂಡ ಫೋನಿನಲ್ಲಿ, "ಆ ಹಾಳಿದು ಒಂದು ಜೆರಾಕ್ಸ್ ತಗಿಸಿ ಇಟ್ಕೋ, ಇರಲಿ" ಎಂದಿದ್ದರು. ಲೈಬ್ರರಿಯ ಮೆಷಿನ್ನಿನಲ್ಲೇ ತೆಗೆದೆ. ಅಸಲು ಹಾಳೆ ಸುಕ್ಕಾಗಬಾರದಲ್ಲ, ಆ ಊರಿನ ಹಳೆಯ ಬಟ್ಟೆ ಗಿರಣಿಗಳ ಚಿತ್ರಗಳಿದ್ದ ದೊಡ್ಡ ಪುಸ್ತಕವೊಂದನ್ನು ನೋಡುತ್ತಿದ್ದೆ, ಅದರ ನಡುವೆ ಮೆಲ್ಲಗೆ ಇಟ್ಟೆ. ನನ್ನ ಕೈ ತನ್ನಷ್ಟಕ್ಕೆ ತಾನೇ ಮಾಡಿತು, ತಲೆಗೆ ಸುದ್ದಿಯೇ ಮುಟ್ಟಲಿಲ್ಲ. ಇನ್ನೂ ನಾಲ್ಕು ಚಿತ್ರ ನೋಡಿ, ಓದಿದ ಪುಸ್ತಕವನ್ನು ಕಪಾಟಿಗಿಡದೆ ಗಾಡಿಯ ಮೇಲಿಡಿ ಎಂದು ಬರೆದಿದ್ದಂತೆಯೇ ಜಾಣೆಯ ಹಾಗೆ ಗಾಡಿಯ ಮೇಲಿಟ್ಟು, ಜೆರಾಕ್ಸನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮಧ್ಯಾಹ್ನ ನಾಲ್ಕಕ್ಕೆ ಪೆಟ್ಟಿಗೆ ಕಟ್ಟುವಾಗ ಗೊತ್ತಾಯಿತು. ಅಯ್ಯೋ ದೇವರೇ! ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದೆ, ಅಡುಗೆಮನೆಯ ಕಸದ ಬುಟ್ಟಿಯನ್ನೂ ಬಿಡಲಿಲ್ಲ. ನಕಲಿನಲ್ಲಿ ನನ್ನ ಮೋರೆ ಕಪ್ಪಗೆ ಸೊಟ್ಟಗೆ ಕೂತಿತ್ತು, ಅಸಲು ಎಲ್ಲಿ? ಆಗ ನೆನಪಾಯಿತು, ಗಿರಣಿಯ ಪುಸ್ತಕದೊಳಗೆ! ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆಂದು ವಿಜಿಗೆ ಸುಳ್ಳು ಹೇಳಿ ಬಸ್ಸು ಹಿಡಿದು, ಬಸ್ಸಿನಿಂದಲೇ ಎಡಿಸನ್ನಿಗೆ ಫೋನು ಮಾಡಿದೆ. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಇವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಇಂಚರಳಿಗೆ ಶಾಲೆಗೆ ರಜೆ. ಇವರು, "ಮೊದ್ಲು ಹುಡುಕು. ಮತ್ತ ಅದು ಏನು ಹಾಳಿ ಅಂತ ಯಾರ ಮುಂದೂ ಹೇಳಬ್ಯಾಡ" ಎಂದರು. ಫೋನು ಸ್ಪೀಕರಿನಲ್ಲಿತ್ತೇನೋ, ಆ ದನಿಯ ಹಿಂದೆ ಇನ್ನೊಂದು ಸಣ್ಣ ದನಿ ಕೇಳಿಸಿತು: "ಅಪ್ಪಾ, ಇಸ್ ಅಮ್ಮ ನಾಟ್ ಕಮಿಂಗ್ ಬ್ಯಾಕ್?" ಇವರು ಏನು ಉತ್ತರ ಕೊಟ್ಟರೋ, ಫೋನು ಕಟ್ಟಾಯಿತು.

ಗಾಡಿ ಖಾಲಿಯಾಗಿತ್ತು. ಗಿರಣಿಯ ಪುಸ್ತಕ ಕಪಾಟಿಗೆ ಮರಳಿತ್ತು, ಅದರೊಳಗೆ ಏನೂ ಇರಲಿಲ್ಲ. ಕೌಂಟರಿನಲ್ಲಿ ನೆರೆಗೂದಲಿನ ಹೆಂಗಸೊಬ್ಬರಿದ್ದರು, ಮಾತಿಗೊಮ್ಮೆ 'ಲವ್' ಎನ್ನುವವರು. ನಮ್ಮ ಕಡೆ ಗುರುತಿಲ್ಲದ ಹೆಣ್ಣುಮಕ್ಕಳನ್ನೂ 'ಯವ್ವಾ' ಎನ್ನುವಂತೆ ಆ ಊರಿನವರಿಗೆ ಅದು ಬಾಯಿಮಾತು. ಏನು ಕಳೆದಿದೆ ಎಂದು ಕೇಳಿದರು. ಗಂಡನ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಕಾಗದದ ಸ್ಥಿತಿಯನ್ನು ಪಕ್ಕದ ಮನೆಯವರಿಗೂ ಹೇಳದೆ ಹನ್ನೆರಡು ವರ್ಷ ಬಾಳಿದ ನಾಲಿಗೆ ಅದು. "ಒಂದು ಪತ್ರ. ಅಕ್ಕ ಬರೆದದ್ದು" ಎಂದುಬಿಟ್ಟೆ.

ಪಾಪ, ಆ ಪುಣ್ಯಾತಗಿತ್ತಿ ಅರ್ಧ ಗಂಟೆ ಅಕ್ಕನ ಪತ್ರ ಹುಡುಕಿದರು. ಕವರಿನಲ್ಲಿತ್ತೇ, ಕೈಬರಹವೇ, ಯಾವ ಭಾಷೆ, ಎಂದು ವಿಚಾರಿಸಿದರು. ನಾನು ಸುಳ್ಳಿಗೆ ಸುಳ್ಳು ಪೋಣಿಸುತ್ತಲೇ ಹೋದೆ. ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು, ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಕೊನೆಗೆ ಆಕೆ ಕೈಚೆಲ್ಲಿ, ಪತ್ರವಂತೂ ಯಾರಿಗೂ ಸಿಕ್ಕಿಲ್ಲ ಎಂದರು. ಅಮೆರಿಕ ಸರ್ಕಾರದ್ದೊಂದು ಕಾಗದ ಮಾತ್ರ ಸಿಕ್ಕಿದೆ, ಯಾರದೋ ಫೋಟೋ ಇದೆಯಂತೆ, ಅದನ್ನು ಬೆಳಿಗ್ಗೆ ಪೊಲೀಸರಿಗೆ ಕೊಡುತ್ತೇವೆ ಎಂದೂ ಸಹಜವಾಗಿ ಸೇರಿಸಿದರು.

ನೀವೇ ಹೇಳಿ, ಆ ಕ್ಷಣದಲ್ಲಿ ಬೇರೆ ಯಾರಾದರೂ ಏನು ಮಾಡುತ್ತಿದ್ದರು? ನನ್ನದೇ ಎಂದು ಕುಣಿದಾಡುತ್ತಿದ್ದರು. ನಾನು ಮಾತ್ರ ಚೀಲವನ್ನು ಹೆಗಲಿಗೇರಿಸಿಕೊಂಡೆ. ಪೊಲೀಸ್ ಎನ್ನುವ ಮಾತು ಕೇಳಿದ್ದೇ ತಲೆಯೊಳಗೆ ಅವರ ಪ್ರಶ್ನೆಗಳು ಶುರುವಾದವು. ಸುಳ್ಳು ಯಾಕೆ ಹೇಳಿದೆ ಎಂದರೆ? ಈ ಕಾಗದ ನಿಜವೇ ಎಂದರೆ? ಎಲ್ಲಿಗೋ ಫೋನು ಮಾಡಿ ಕೇಳಿದರೆ? ನಾನು ಯಾವ ತಪ್ಪೂ ಮಾಡಿಲ್ಲ, ಆದರೂ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಭಯಕ್ಕೂ ತಪ್ಪಿಗೂ ಸಂಬಂಧವಿರಬೇಕಿಲ್ಲ ಎನ್ನುವುದು ಓದಿ ತಿಳಿದ ಮಾತಲ್ಲ, ಆ ಕೌಂಟರಿನ ಮುಂದೆ ನಿಂತೇ ತಿಳಿದ ಮಾತು. ವಂದನೆ ಹೇಳಿ ಬಾಗಿಲವರೆಗೆ ನಡೆದೇಬಿಟ್ಟಿದ್ದೆ, ನಂಬಿ. ಮೆಟ್ಟಿಲ ಪಕ್ಕದ ಕಲ್ಲಿನ ಪ್ರಾಣಿಯ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಾಗ ಆ ಸಣ್ಣ ದನಿಯ ಪ್ರಶ್ನೆ ಮತ್ತೆ ಕೇಳಿಸಿತು. ತಿರುಗಿ ಬಂದು, "ಅದು ನನ್ನದು. ನಾನು ಸುಳ್ಳು ಹೇಳಿದೆ" ಎಂದೆ.

ಆಕೆ ಒಳಗಿನಿಂದ ಹಾಳೆ ತಂದರು. ಫೋಟೋ ನೋಡಿದರು, ನನ್ನ ಮುಖ ನೋಡಿದರು, ನನ್ನ ಕೈಗಿಟ್ಟರು. ಹೆಸರು ಕೇಳಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದೂ ಕೇಳಲಿಲ್ಲ. ಒಂದು ನಿಮಿಷ ಕೂತು ಹೋಗು, ಲವ್, ಮುಖ ಬಿಳಿಚಿದೆ ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ಇನ್ನೊಂದು ನಿಮಿಷ ನಿಂತರೆ ಮನಸ್ಸು ಬದಲಾಯಿಸಿ ಕಿತ್ತುಕೊಳ್ಳುತ್ತಾರೇನೋ ಎನ್ನುವಂತೆ ಬಸ್ ಸ್ಟಾಪಿನವರೆಗೂ ಓಡಿದೆ. ಅಂಥ ಒಳ್ಳೆಯ ಹೆಂಗಸಿನಿಂದ ಓಡಿಹೋದೆನಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ನಮ್ಮೂರ ಹತ್ತಿರದ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಇಂಥ ಹಾಳೆ ಹಿಡಿದವರನ್ನು ಕೂರಿಸುವ ಕೋಣೆಯಲ್ಲಿ ನನ್ನನ್ನೂ ಕೂರಿಸಿ, ಎರಡು ಗಂಟೆಯ ಮೇಲೆ ಮುದ್ರೆ ಒತ್ತಿ ಕಳಿಸಿದರು. ಹೊರಗೆ ಇಂಚರ ನನ್ನನ್ನು ಅಪ್ಪಿಕೊಂಡಳು, ಏನೂ ಕೇಳಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ, ಸದ್ಯ, ಎಂದುಕೊಂಡೆ. ಮಕ್ಕಳ ವಿಷಯದಲ್ಲಿ ದೊಡ್ಡವರು ತಮಗೆ ಬೇಕಾದ್ದನ್ನೇ ನಂಬುತ್ತಾರೆ.

ಕಳೆದ ಶನಿವಾರ ಇಬ್ಬರೂ ಇಲ್ಲಿನ ನಮ್ಮ ಲೈಬ್ರರಿಗೆ ಹೋಗಿದ್ದೆವು. ಕೌಂಟರಿನಲ್ಲಿ ಕಾರ್ಡು ಕೇಳಿದರು. ಚೀಲದ ಒಳಜೇಬಿಗೆ ಕೈ ಹಾಕಿದರೆ ನೀಲಿ ಪಾಸ್‌ಪೋರ್ಟೊಂದು ಸಿಕ್ಕಿತು. ಮೇಲೆ ಅಮೆರಿಕದ ಹದ್ದು, ನನ್ನದರ ಮೇಲಿರುವುದು ಭಾರತದ ಸಿಂಹ. ತೆರೆದರೆ ಒಳಗೆ ಇಂಚರಳ ಫೋಟೋ. ಅವಳು ತಟ್ಟನೆ ಕಣ್ಣು ತಗ್ಗಿಸಿದಳು. ಕಾರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, "ಇದು ಇಲ್ಲಿ ಹ್ಯಾಂಗ ಬಂತು?" ಎಂದು ಕೇಳಿದೆ.

"ನೀನು ಬ್ಯಾಗ್ ಚೇಂಜ್ ಮಾಡ್ದಾಗೆಲ್ಲ ನಾನೂ ಅದನ್ನ ಹೊಸ ಬ್ಯಾಗಿಗೆ ಚೇಂಜ್ ಮಾಡ್ತೀನಿ" ಎಂದಳು. ಲೀಡ್ಸಿನಿಂದ ನಾನು ಬಂದ ದಿನದಿಂದಲೂ ಹೀಗೇ ಮಾಡುತ್ತಿದ್ದಳಂತೆ. "ಯಾರಾದ್ರೂ ನಿನ್ನ ಸ್ಟಾಪ್ ಮಾಡಿದ್ರೆ, ಜಸ್ಟ್ ಶೋ ದೆಮ್ ದಿಸ್. ಐ ಆ್ಯಮ್ ಹರ್ ಮಾಮ್ ಅಂತ ಹೇಳು. ದೆನ್ ದೇ ಹ್ಯಾವ್ ಟು ಲೆಟ್ ಯು ಕಮ್ ಹೋಮ್."

ಅದು ಹಾಗೆ ನಡೆಯುವುದಿಲ್ಲ ಮಗಳೇ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆತು" ಎಂದು ಪಾಸ್‌ಪೋರ್ಟನ್ನು ಮತ್ತೆ ಅದೇ ಜೇಬಿಗೆ ಹಾಕಿ ಜಿಪ್ ಎಳೆದೆ. ಅವಳು ಕೈಚಾಚಿ, ಜಿಪ್ ಪೂರ್ತಿ ಬಿದ್ದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿ, ಆಮೇಲೆ ಸೀಟ್ ಬೆಲ್ಟ್ ಹಾಕಿಕೊಂಡಳು.